ಕಾಲು ಹಿಡಿದು ಕಲಿಯುವ ವಿದ್ಯೆ

ಪಾದ ಮತ್ತು ಕಣಕಾಲಿನ ತೊಂದರೆಗಳನ್ನು ಪತ್ತೆಹಚ್ಚಿ ಚಿಕಿತ್ಸೆ ಕೊಡುವ ಆರೋಗ್ಯ ವೃತ್ತಿಗೆ ಪೊಡಿಯಾಟ್ರಿ ಎಂದು ಹೆಸರು. ಬ್ರಿಟನ್ನಿನಲ್ಲಿ ಈ ವೃತ್ತಿಗೆ ಶತಮಾನ ದಾಟಿದ ಚರಿತ್ರೆಯಿದೆ. 1912ರಲ್ಲಿ ಅಲ್ಲಿ ಪಾದ ಚಿಕಿತ್ಸಕರ ರಾಷ್ಟ್ರೀಯ ಸಂಘ ಹುಟ್ಟಿತು. ಮರುವರ್ಷ ಲಂಡನ್ನಿನಲ್ಲಿ ಪಾದಗಳಿಗೆಂದೇ ಒಂದು ಚಿಕಿತ್ಸಾಲಯ ಬಾಗಿಲು ತೆರೆಯಿತು. ಮುಂದೆ ಅದೇ ಲಂಡನ್ ಫುಟ್ ಹಾಸ್ಪಿಟಲ್ ಆಯಿತು. ಆ ಕಾಲದಲ್ಲಿ ಇವರನ್ನು ಕಿರೊಪೊಡಿಸ್ಟ್ ಎನ್ನುತ್ತಿದ್ದರು. ಈಗ ಕಿರೊಪೊಡಿಸ್ಟ್, ಪೊಡಿಯಾಟ್ರಿಸ್ಟ್ ಎರಡೂ ಹೆಸರುಗಳಿಗೆ ಕಾನೂನಿನ ಕಾವಲಿದೆ. ಹೆಲ್ತ್ ಅಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್‌ನಲ್ಲಿ ನೋಂದಣಿ ಇಲ್ಲದವರು ಈ ಹೆಸರಿನ ಬೋರ್ಡು ಹಾಕಿಕೊಂಡರೆ ಅದು ಅಪರಾಧ.

ಪೊಡಿಯಾಟ್ರಿ ಬಿ.ಎಸ್ಸಿ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 3 ವರ್ಷದ್ದು, ಸ್ಕಾಟ್ಲೆಂಡಿನಲ್ಲಿ 4 ವರ್ಷದ್ದು. ಈ ಅವಧಿಯಲ್ಲಿ ಸುಮಾರು 1,000 ಗಂಟೆ ಕ್ಲಿನಿಕ್ಕಿನಲ್ಲೇ ಕಳೆಯಬೇಕು. ಅಮೆರಿಕದ ದಾರಿ ಬೇರೆ. ಅಲ್ಲಿ 4 ವರ್ಷದ ವೃತ್ತಿಪದವಿಯ ಮೇಲೆ 3 ವರ್ಷದ ರೆಸಿಡೆನ್ಸಿ ಇರುತ್ತದೆ, ಒಲವು ಹೆಚ್ಚಾಗಿ ಶಸ್ತ್ರಚಿಕಿತ್ಸೆಯ ಕಡೆಗೆ. ದಿನನಿತ್ಯದ ಪಾದ ಆರೈಕೆಯನ್ನು, ಅಂದರೆ ಉಗುರು, ಆಣಿ, ಜಡ್ಡು, ಒಡಕು, ಸಕ್ಕರೆ ಕಾಯಿಲೆಯವರ ಕಾಲಿನ ತಪಾಸಣೆ ಇವನ್ನು ಹಂತಹಂತವಾಗಿ ಕಲಿಸುವ ಕ್ರಮ ಬ್ರಿಟನ್ನಿನ ಕಾಲೇಜುಗಳಲ್ಲಿ ಚೆನ್ನಾಗಿ ರೂಢಿಗೆ ಬಂದಿದೆ. ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ಸ್ವಂತ ಪಾದ ಚಿಕಿತ್ಸಾಲಯ ನಡೆಸುತ್ತವೆ. ಊರಿನ ಜನ ಕಡಿಮೆ ಶುಲ್ಕಕ್ಕೆ ಅಲ್ಲಿಗೆ ಬರುತ್ತಾರೆ, ವಿದ್ಯಾರ್ಥಿಗಳು ಮೇಲ್ವಿಚಾರಕರ ಕಣ್ಣಳತೆಯಲ್ಲಿ ಅವರಿಗೆ ಚಿಕಿತ್ಸೆ ಕೊಡುತ್ತಾರೆ.

ಕೈ ಪಳಗಿಸುವ ಹಂತ

ಮೊದಲ ತಿಂಗಳುಗಳಲ್ಲಿ ರೋಗಿ ಇರುವುದಿಲ್ಲ. ವಿದ್ಯಾರ್ಥಿಗಳು ಒಬ್ಬರ ಕಾಲನ್ನು ಇನ್ನೊಬ್ಬರು ಹಿಡಿದು ಮೂಳೆ, ಸ್ನಾಯುರಜ್ಜು, ನಾಡಿ ಗುರುತಿಸುವುದನ್ನು ಕಲಿಯುತ್ತಾರೆ. ಒಂದೊಂದು ಪಾದದಲ್ಲೂ 26 ಮೂಳೆಗಳಿವೆ. ಪುಸ್ತಕದ ಚಿತ್ರದಲ್ಲಿ ಅವು ಬಣ್ಣಬಣ್ಣವಾಗಿ ಬಿಡಿಬಿಡಿಯಾಗಿ ಕಾಣುತ್ತವೆ, ಬೆರಳ ತುದಿಗೆ ಮಾತ್ರ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಸ್ಕಾಲ್ಪೆಲ್ ಹಿಡಿಯುವ ಅಭ್ಯಾಸ ಸಾಬೂನು, ಮೇಣದಂಥ ವಸ್ತುಗಳ ಮೇಲೆ ಆಗುತ್ತದೆ. ಕಾಗದದಷ್ಟು ತೆಳ್ಳಗೆ, ಒಂದೇ ಸಮನಾಗಿ ಹೆರೆಯಲು ಬಂದ ಮೇಲೆಯೇ ಚರ್ಮದ ಮಾತು.

ಸೋಂಕು ತಡೆಯುವ ಪಾಠವೂ ಈ ಹಂತದ್ದೇ. ಕೈ ತೊಳೆಯುವ ಕ್ರಮ, ಕೈಗವಸು, ಏಪ್ರನ್, ಮಾಸ್ಕ್, ಕಣ್ಣಿಗೆ ಕನ್ನಡಕ. ಬಳಸಿದ ಉಪಕರಣವನ್ನು ಮೊದಲು ತೊಳೆದು ಕೊಳೆ ತೆಗೆಯಬೇಕು, ಆಮೇಲಷ್ಟೇ ಆಟೊಕ್ಲೇವ್; ಅಂಟಿದ ರಕ್ತ, ಚರ್ಮದ ಚೂರು ಹಾಗೇ ಉಳಿದರೆ ಹಬೆ ಅದರಡಿಗೆ ತಲುಪುವುದಿಲ್ಲ. 134 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 3 ನಿಮಿಷ ಹಿಡಿದಿಡುವುದು ಬ್ರಿಟನ್ನಿನಲ್ಲಿ ಪ್ರಚಲಿತ ಕ್ರಮ. ಬ್ಲೇಡು ಒಬ್ಬ ರೋಗಿಗೆ ಒಂದೇ ಸಲ. ಕೆಲಸ ಮುಗಿದೊಡನೆ ಬಳಸಿದವರೇ ಅದನ್ನು ಚೂಪು ವಸ್ತುಗಳ ಡಬ್ಬಿಗೆ ಹಾಕಬೇಕು, ಇನ್ನೊಬ್ಬರ ಕೈಗೆ ಕೊಡಬಾರದು.

ಉಗುರಿನ ದೂಳಿನ ವಿಷಯವನ್ನು ಹೊಸಬರು ಹಗುರವಾಗಿ ಕಾಣುವುದುಂಟು. ದಪ್ಪಗಾದ ಉಗುರನ್ನು ಡ್ರಿಲ್ಲಿನಿಂದ ತೇಯುವಾಗ ಏಳುವ ನಯವಾದ ಪುಡಿಯಲ್ಲಿ ಶಿಲೀಂಧ್ರದ ಅಂಶ ಇರಬಹುದು. ವರ್ಷಗಟ್ಟಲೆ ಅದನ್ನು ಉಸಿರಾಡಿದ ಪಾದ ಚಿಕಿತ್ಸಕರಲ್ಲಿ ಅಲರ್ಜಿ, ಉಬ್ಬಸದ ತೊಂದರೆ ಕಂಡುಬಂದದ್ದು ದಾಖಲಾಗಿದೆ. ಆದ್ದರಿಂದ ದೂಳು ಹೀರುವ ವ್ಯವಸ್ಥೆ ಇರುವ ಡ್ರಿಲ್ಲು ಮತ್ತು ಸರಿಯಾಗಿ ಮುಖಕ್ಕೆ ಕೂರುವ ಮಾಸ್ಕ್ ಎರಡೂ ಬೇಕು. ಕೂರುವ ಭಂಗಿಗೂ ಇದೇ ಮಾತು. ರೋಗಿಯ ಕುರ್ಚಿಯನ್ನು ಎತ್ತರಿಸಿ ಪಾದವನ್ನು ತನ್ನ ಮೊಣಕೈ ಮಟ್ಟಕ್ಕೆ ತಂದುಕೊಳ್ಳದ ವಿದ್ಯಾರ್ಥಿಗೆ ಕುತ್ತಿಗೆ ನೋವು ಗ್ಯಾರಂಟಿ.

ಮಾತು ಮೊದಲು

ರೋಗಿ ಬಂದು ಕೂತ ಮೇಲೆ ಮೊದಲ ಕೆಲಸ ಒಪ್ಪಿಗೆ ಪಡೆಯುವುದು. ಚಿಕಿತ್ಸೆ ಕೊಡುತ್ತಿರುವುದು ವಿದ್ಯಾರ್ಥಿ, ಮೇಲ್ವಿಚಾರಕರು ಹತ್ತಿರದಲ್ಲೇ ಇದ್ದಾರೆ, ಬೇಡವೆನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು ಎಂಬುದನ್ನು ರೋಗಿಗೆ ತಿಳಿಸಬೇಕು. ಆಮೇಲೆ ಕಾಯಿಲೆಯ ಪೂರ್ವವೃತ್ತ: ಮಧುಮೇಹ, ಹೃದ್ರೋಗ, ಮೂತ್ರಪಿಂಡದ ತೊಂದರೆ, ಸಂಧಿವಾತ, ಹಿಂದೆ ಆಗಿದ್ದ ಹುಣ್ಣು, ಬೆರಳು ತೆಗೆದದ್ದು, ಧೂಮಪಾನ, ಅಲರ್ಜಿ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ಅಥವಾ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ನಡೆಯುತ್ತಿದೆಯೇ ಎಂಬುದು ಬ್ಲೇಡು ಎತ್ತುವ ಮುನ್ನ ಗೊತ್ತಿರಲೇಬೇಕು. ಇದೆಲ್ಲ ಪ್ರತಿ ಭೇಟಿಯಲ್ಲೂ ಮತ್ತೆ ಕೇಳುವ ಪ್ರಶ್ನೆ. ಹೋದ ಸಲದ ಚೀಟಿಯಲ್ಲಿ ಬರೆದಿದೆಯಲ್ಲ ಎಂದು ಬಿಟ್ಟರೆ ನಡುವೆ ಬದಲಾದ ಮಾತ್ರೆ ಗೊತ್ತಾಗುವುದೇ ಇಲ್ಲ.

ಕೆಲವು ಪ್ರಶ್ನೆಗಳು ನಮೂನೆಯಲ್ಲಿ ಇರುವುದಿಲ್ಲ, ಆದರೆ ಅವುಗಳಿಂದ ಸಿಗುವ ಮಾಹಿತಿ ದೊಡ್ಡದು. ಮನೆಯಲ್ಲಿ ಉಗುರು ಯಾರು ಕತ್ತರಿಸುತ್ತಾರೆ? ಬಗ್ಗಿ ಸ್ವಂತ ಪಾದ ಮುಟ್ಟಲು ಆಗುತ್ತದೆಯೇ? ಅಂಗಾಲು ಕಾಣುತ್ತದೆಯೇ? ಆಣಿಗೆ ಏನು ಮಾಡಿಕೊಂಡಿರಿ? ಕೊನೆಯ ಪ್ರಶ್ನೆಗೆ ಎಷ್ಟೋ ಜನ ನಾಚಿಕೊಂಡು ಉತ್ತರಿಸುತ್ತಾರೆ. ಅಂಗಡಿಯ ಆಣಿ ಪಟ್ಟಿಯಲ್ಲಿರುವ ಸ್ಯಾಲಿಸಿಲಿಕ್ ಆಮ್ಲ ಆಣಿಗೂ ಒಳ್ಳೆಯ ಚರ್ಮಕ್ಕೂ ಭೇದ ಮಾಡುವುದಿಲ್ಲ. ಮಧುಮೇಹಿಗಳ ಸ್ಪರ್ಶ ಕಳೆದ ಪಾದದಲ್ಲಿ ಅದೇ ಹುಣ್ಣಿಗೆ ದಾರಿಯಾಗುತ್ತದೆ. ಗದರಿಸಿದರೆ ರೋಗಿ ಮುಂದಿನ ಸಲ ಹೇಳುವುದಿಲ್ಲ, ಹಾಗಾಗಿ ಸಹಜವಾಗಿ ಕೇಳುವುದನ್ನೂ ಕಲಿಸಬೇಕಾಗುತ್ತದೆ.

ರಕ್ತ ಮತ್ತು ಸ್ಪರ್ಶ

ಎರಡೂ ಪಾದಗಳ ಬೂಟು, ಕಾಲುಚೀಲ ತೆಗೆಸಿ ನೋಡಬೇಕು, ನೋವಿರುವುದು ಒಂದರಲ್ಲೇ ಆದರೂ. ಬಣ್ಣ, ಬಾವು, ಕೂದಲು ಉದುರಿ ಮಿರುಗುವ ಚರ್ಮ, ಬೆರಳ ಸಂದಿ, ಹಿಮ್ಮಡಿ, ಹೀಗೆ ಒಂದು ಸುತ್ತು. ಕೈಯ ಹಿಂಭಾಗ ತಾಗಿಸಿ ಎರಡೂ ಪಾದಗಳ ಬಿಸಿ ಹೋಲಿಸಬೇಕು.

ನಾಡಿ ಎರಡು ಕಡೆ ಸಿಗುತ್ತದೆ. ಒಂದು ಪಾದದ ಮೇಲ್ಭಾಗದಲ್ಲಿ, ಹೆಬ್ಬೆರಳನ್ನು ಮೇಲೆತ್ತಿದಾಗ ಎದ್ದು ಕಾಣುವ ಸ್ನಾಯುರಜ್ಜುವಿನ ಹೊರ ಪಕ್ಕದಲ್ಲಿ. ಇನ್ನೊಂದು ಕಣಕಾಲಿನ ಒಳಗೆಣ್ಣಿನ ಹಿಂದೆ. ಬೆರಳನ್ನು ಬಲವಾಗಿ ಒತ್ತಿದರೆ ನಾಡಿ ಮುಚ್ಚಿಹೋಗುತ್ತದೆ, ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು ಇದು. ಪಾದದ ಮೇಲಿನ ನಾಡಿ ಆರೋಗ್ಯವಂತರಲ್ಲೂ ಕೆಲವರಿಗೆ ಹುಟ್ಟಿನಿಂದಲೇ ಸಿಗದೆ ಇರಬಹುದಾದ್ದರಿಂದ ಅದೊಂದನ್ನೇ ನಂಬಿ ತೀರ್ಮಾನಿಸುವಂತಿಲ್ಲ. ಬೆರಳಿಗೆ ಸಿಗದಿದ್ದರೆ ಕೈಯಲ್ಲಿ ಹಿಡಿಯುವ ಡಾಪ್ಲರ್ ಯಂತ್ರದಲ್ಲಿ ರಕ್ತ ಹರಿಯುವ ಸದ್ದು ಕೇಳಬೇಕು. ಕಣಕಾಲಿನ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ಕಾಲಿನ ರಕ್ತನಾಳ ಕಿರಿದಾಗಿದೆ ಎಂದು ಲೆಕ್ಕ. ಮಧುಮೇಹಿಗಳಲ್ಲಿ ಇಲ್ಲೊಂದು ತೊಡಕಿದೆ. ಅವರ ರಕ್ತನಾಳದ ಗೋಡೆಯಲ್ಲಿ ಸುಣ್ಣ ಕಟ್ಟಿ ಗಡುಸಾಗಿದ್ದರೆ ಪಟ್ಟಿ ಎಷ್ಟು ಉಬ್ಬಿದರೂ ನಾಳ ಒತ್ತಿಕೊಳ್ಳುವುದಿಲ್ಲ, ಅಂಕಿ ಸುಳ್ಳುಸುಳ್ಳೇ ಮೇಲೇರುತ್ತದೆ. 1.3, 1.4 ದಾಟಿದ ಅಂಕಿಯನ್ನು ಕಂಡು ನೆಮ್ಮದಿಪಡಬಾರದು. ಹೆಬ್ಬೆರಳಿನ ಒತ್ತಡ ಅಳೆಯಬೇಕು.

ಸ್ಪರ್ಶದ ಪರೀಕ್ಷೆಗೆ 10 ಗ್ರಾಂ ಮಾನೊಫಿಲಮೆಂಟ್ ಎಂಬ ನೈಲಾನ್ ಎಳೆ. ಚರ್ಮಕ್ಕೆ ನೆಟ್ಟಗೆ ತಾಗಿಸಿ ಒತ್ತಿದಾಗ 10 ಗ್ರಾಂ ಬಲಕ್ಕೆ ಅದು ಬಾಗುತ್ತದೆ. ಮೊದಲು ರೋಗಿಯ ಕೈಗೋ ಹಣೆಗೋ ತಾಗಿಸಿ ಅದು ಹೇಗನಿಸುತ್ತದೆ ಎಂದು ಪರಿಚಯಿಸಬೇಕು. ಆಮೇಲೆ ಕಣ್ಣು ಮುಚ್ಚಲು ಹೇಳಿ ಹೆಬ್ಬೆರಳಿನ ಅಡಿ, ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ ಈ ಜಾಗಗಳಲ್ಲಿ ಒಂದೆರಡು ಸೆಕೆಂಡು ತಾಗಿಸಬೇಕು. "ಈಗ ಗೊತ್ತಾಯಿತಾ?" ಎಂದು ಪ್ರತಿ ಸಲ ಕೇಳಿದರೆ ಪರೀಕ್ಷೆ ಕೆಟ್ಟಿತು, ರೋಗಿ ಸೌಜನ್ಯಕ್ಕೆ ಹೂಂ ಎನ್ನುತ್ತಲೇ ಹೋಗುತ್ತಾರೆ. ನಡುವೆ ಒಂದು ಸಲ ತಾಗಿಸದೆಯೇ ಕೇಳಿ ನೋಡುವುದು ಕ್ರಮ. ಜಡ್ಡಿನ ಮೇಲೆ, ಹುಣ್ಣಿನ ಮೇಲೆ ತಾಗಿಸಬಾರದು. ಎಳೆಗೂ ದಣಿವಿದೆ, ಒಂದರ ಹಿಂದೊಂದು ಹಲವರಿಗೆ ಬಳಸಿದರೆ ಕಡಿಮೆ ಬಲಕ್ಕೇ ಬಾಗತೊಡಗುತ್ತದೆ, ಬಿಡುವು ಕೊಡಬೇಕು. ಇದರ ಜೊತೆಗೆ 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕನ್ನು ಹೆಬ್ಬೆರಳಿನ ಮೂಳೆಯ ಮೇಲಿಟ್ಟು ಕಂಪನ ತಿಳಿಯುತ್ತದೆಯೇ ಎಂದು ನೋಡುತ್ತಾರೆ.

ಈ ಎಳೆಯ ಕಥೆಗೆ ದಕ್ಷಿಣ ಭಾರತದ ನಂಟಿದೆ. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಬೆರಳು ಸವೆಯುವುದಕ್ಕೆ ರೋಗಾಣುವಿಗಿಂತ ನೋವು ತಿಳಿಯದೆ ಆಗುವ ಗಾಯಗಳೇ ಕಾರಣ ಎಂದು ತೋರಿಸಿದರು. 1966ರಲ್ಲಿ ಅವರು ಅಮೆರಿಕದ ಲೂಸಿಯಾನಾ ರಾಜ್ಯದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆ ಸೇರಿದರು. ಹುಣ್ಣಾದ ಪಾದಕ್ಕೆ ಮೈಗಂಟಿದಂತೆ ಪ್ಲಾಸ್ಟರ್ ಹಾಕಿ ಭಾರ ಹಂಚುವ ಕ್ರಮ ಅಮೆರಿಕದಲ್ಲಿ ಬಳಕೆಗೆ ಬಂದದ್ದು ಅವರಿಂದ. ಅದೇ ಆಸ್ಪತ್ರೆಯ ತಂಡದ ಕೆಲಸದಿಂದ 10 ಗ್ರಾಂ ಎಂಬ ಗಡಿಯೂ ಗಟ್ಟಿಯಾಯಿತು. ಕುಷ್ಠರೋಗಿಗಳ ಪಾದ ಕಲಿಸಿದ್ದನ್ನು ಇಂದು ಜಗತ್ತು ಮಧುಮೇಹಿಗಳ ಪಾದದ ಮೇಲೆ ಬಳಸುತ್ತಿದೆ.

ತಪಾಸಣೆ ಮುಗಿದಾಗ ಪಾದ ಯಾವ ಅಪಾಯದ ಗುಂಪಿಗೆ ಸೇರುತ್ತದೆ ಎಂದು ವಿದ್ಯಾರ್ಥಿ ಹೇಳಬೇಕು. ಬ್ರಿಟನ್ನಿನ ನೈಸ್ ಸಂಸ್ಥೆಯ 2015ರ ಮಾರ್ಗಸೂಚಿಯಂತೆ ಮಧುಮೇಹಿಗಳಲ್ಲಿ ಕಡಿಮೆ ಅಪಾಯದವರಿಗೆ ವರ್ಷಕ್ಕೊಮ್ಮೆ, ಮಧ್ಯಮ ಅಪಾಯದವರಿಗೆ 3ರಿಂದ 6 ತಿಂಗಳಿಗೊಮ್ಮೆ, ಹೆಚ್ಚು ಅಪಾಯದವರಿಗೆ 1ರಿಂದ 2 ತಿಂಗಳಿಗೊಮ್ಮೆ ಮರುತಪಾಸಣೆ. ಈಗಾಗಲೇ ಹುಣ್ಣು, ಸೋಂಕು ಇದ್ದವರನ್ನು ಒಂದು ಕೆಲಸದ ದಿನದೊಳಗೆ ತಜ್ಞರ ತಂಡಕ್ಕೆ ಕಳಿಸಬೇಕು.

ಉಗುರು

ಉಗುರು ಕತ್ತರಿಸುವುದನ್ನೂ ಕಾಲೇಜಿನಲ್ಲಿ ಕಲಿಯಬೇಕೇ ಎಂದು ನಗುವವರುಂಟು. ಎಂಬತ್ತು ದಾಟಿದವರ, ಟಗರಿನ ಕೊಂಬಿನಂತೆ ಸುರುಳಿ ಸುತ್ತಿಕೊಂಡ ಹೆಬ್ಬೆರಳ ಉಗುರನ್ನು ಒಮ್ಮೆ ನೋಡಿದವರು ಆ ಪ್ರಶ್ನೆ ಕೇಳುವುದಿಲ್ಲ. ಅಂಥ ಉಗುರಿನ ಅಡಿ ಹುಣ್ಣು ಅಡಗಿರುವುದೂ ಉಂಟು. ಒಂದೇ ಏಟಿಗೆ ಅಡ್ಡಲಾಗಿ ಕತ್ತರಿಸಹೊರಟರೆ ಉಗುರು ಸೀಳಿ ಬುಡದ ಚರ್ಮ ಹರಿಯುತ್ತದೆ. ಒಂದು ಅಂಚಿನಿಂದ ಶುರುಮಾಡಿ ನಿಪ್ಪರ್‌ನಲ್ಲಿ ಚೂರುಚೂರಾಗಿ ಕಚ್ಚುತ್ತ ಹೋಗಬೇಕು, ಸಿಡಿಯುವ ಚೂರನ್ನು ಇನ್ನೊಂದು ಕೈಯ ಬೆರಳು ತಡೆಯಬೇಕು. ಬೆರಳ ತುದಿಯ ಆಕಾರಕ್ಕೆ ಹೊಂದುವಂತೆ ಕತ್ತರಿಸಿ ಅಂಚನ್ನು ಅರದಲ್ಲಿ ನಯಮಾಡಬೇಕು. ಮೂಲೆಯೊಳಕ್ಕೆ ಇಳಿಸಿ ಕತ್ತರಿಸಿದರೆ ಒಳಗುಳಿದ ಮೊನೆ ಬೆಳೆಯುತ್ತ ಮಾಂಸಕ್ಕೆ ಚುಚ್ಚುತ್ತದೆ, ಮನೆಯಲ್ಲಿ ಮಾಡಿಕೊಂಡ ಉಗುರುಸುತ್ತಿನಲ್ಲಿ ಬಹುಪಾಲಿಗೆ ಇದೇ ಮೂಲ.

ಪದೇ ಪದೇ ಒಳಚುಚ್ಚುವ ಉಗುರಿಗೆ ಬೆರಳು ಮರಗಟ್ಟಿಸಿ ಅಂಚಿನ ಪಟ್ಟಿಯನ್ನು ತೆಗೆದು, ಅದು ಮತ್ತೆ ಬೆಳೆಯದಂತೆ ಬುಡಕ್ಕೆ ಫೀನಾಲ್ ಹಚ್ಚುವ ಚಿಕ್ಕ ಶಸ್ತ್ರಕ್ರಿಯೆ ಇದೆ. ಅದು ಮೇಲಿನ ತರಗತಿಗಳಿಗೆ ಸೇರಿದ್ದು.

ಜಡ್ಡು ಮತ್ತು ಆಣಿ

ಒತ್ತಡ, ಉಜ್ಜಾಟ ಬಿದ್ದ ಕಡೆ ಚರ್ಮ ದಪ್ಪಗಾಗಿ ಹರಡಿಕೊಂಡರೆ ಜಡ್ಡು. ಒಂದೇ ಬಿಂದುವಿಗೆ ಒತ್ತಡ ಬಿದ್ದು ಒಳಮುಖವಾಗಿ ಗಟ್ಟಿ ತಿರುಳು ಕಟ್ಟಿದರೆ ಆಣಿ. ಅಂಗಾಲಿನ ನರುಲಿಯನ್ನೂ ಜನ ಆಣಿ ಎಂದೇ ಕರೆಯುವುದರಿಂದ ಮೊದಲು ಬಿಡಿಸಿಕೊಳ್ಳಬೇಕು. ಆಣಿ ನೇರವಾಗಿ ಒತ್ತಿದರೆ ನೋಯುತ್ತದೆ, ನರುಲಿ ಎರಡೂ ಬದಿಯಿಂದ ಚಿವುಟಿದರೆ. ನರುಲಿಯಲ್ಲಿ ಚರ್ಮದ ಗೆರೆಗಳು ಮುರಿದಿರುತ್ತವೆ, ಮೇಲ್ಪದರ ತೆಗೆದಾಗ ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತವೆ. ಅವು ಹೆಪ್ಪುಗಟ್ಟಿದ ಸೂಕ್ಷ್ಮ ರಕ್ತನಾಳಗಳು.

ಹೆರೆಯಲು 3ನೇ ನಂಬರಿನ ಹಿಡಿಗೆ 10ನೇ ನಂಬರಿನ ಬ್ಲೇಡು, ಆಣಿಯ ತಿರುಳಿಗೆ ಸಣ್ಣ ಮೊನೆಯ 15ನೇ ನಂಬರು. ಎಡಗೈ ಹೆಬ್ಬೆರಳು ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು, ಸಡಿಲ ಚರ್ಮದಲ್ಲಿ ಬ್ಲೇಡು ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು. ಬಲಗೈಯ ಕಿರುಬೆರಳು ರೋಗಿಯ ಪಾದಕ್ಕೇ ಆನಿಕೊಂಡಿರಬೇಕು. ರೋಗಿ ಥಟ್ಟನೆ ಕಾಲೆಳೆದುಕೊಂಡರೆ ಆಗ ಕೈಯೂ ಜೊತೆಗೇ ಸರಿಯುತ್ತದೆ. ಬ್ಲೇಡನ್ನು ಚರ್ಮಕ್ಕೆ ಹೆಚ್ಚೂ ಕಡಿಮೆ ಸಮಾನಾಂತರವಾಗಿ ಮಲಗಿಸಿ ಗಿಡ್ಡ ಗಿಡ್ಡ ಎಳೆತಗಳಲ್ಲಿ ಪದರ ಬಿಡಿಸುತ್ತಾರೆ. ಸತ್ತ ಚರ್ಮ ಹಳದಿ ಮಿಶ್ರಿತ ಬಿಳುಪು. ಕೆಳಗಿನಿಂದ ನಸುಗೆಂಪು ಇಣುಕತೊಡಗಿದರೆ ಅಲ್ಲಿಗೆ ನಿಲ್ಲಿಸಬೇಕು. ಪೂರ್ತಿ ನುಣ್ಣಗೆ ಮಾಡಿಬಿಡುವ ಹಂಬಲ ಕೈ ಪಳಗುತ್ತಿರುವ ಎರಡನೇ ವರ್ಷದಲ್ಲಿ ಜಾಸ್ತಿ. ಮೇಲ್ವಿಚಾರಕರು ಹೆಚ್ಚಾಗಿ ಎಚ್ಚರಿಸಬೇಕಾಗುವುದು ಆಗಲೇ. ಆಣಿಯಲ್ಲಿ ಬ್ಲೇಡಿನ ತುದಿಯನ್ನು ತಿರುಳಿನ ಅಂಚಿನ ಸುತ್ತ ನಡೆಸಿ ಅದನ್ನು ಬಿಡಿಸಿ ತೆಗೆಯಬೇಕು. ಸರಿಯಾಗಿ ಬಂದರೆ ರೋಗಿ ಕೆಳಗಿಳಿದು ಹೆಜ್ಜೆಯಿಡುವಾಗಲೇ ನೋವು ಇಳಿದಿರುತ್ತದೆ.

ಮಧುಮೇಹಿಯ ಜಡ್ಡಿನೊಳಗೆ ಕೆಂಪು ಅಥವಾ ಕಂದು ಚುಕ್ಕೆ ಕಂಡರೆ ಅದು ಒಳಗೆ ರಕ್ತ ಜಿನುಗಿದ ಗುರುತು. ಹುಣ್ಣು ಆಗಲೇ ಅಡಿಯಲ್ಲಿ ಇರಬಹುದು. ಜಡ್ಡು ತೆಗೆಯದೆ ಹುಣ್ಣಿನ ಆಳ ಗೊತ್ತಾಗದು, ತೆಗೆಯುವ ಮುನ್ನ ರಕ್ತಸಂಚಾರ ಹೇಗಿದೆಯೆಂದು ಗೊತ್ತಿರಬೇಕು. ಆದ್ದರಿಂದಲೇ ನಾಡಿ ನೋಡುವ ಪಾಠ ಬ್ಲೇಡಿನ ಪಾಠಕ್ಕಿಂತ ಮೊದಲು ಬರುತ್ತದೆ. ರಕ್ತ ಸರಿಯಾಗಿ ಬಾರದ ಪಾದದಲ್ಲಿ ವಿದ್ಯಾರ್ಥಿ ಮೇಲ್ವಿಚಾರಕರನ್ನು ಕರೆಯದೆ ಮುಂದುವರಿಯಕೂಡದು.

ಬ್ಲೇಡು ತಗುಲಿ ರಕ್ತ ಬಂದರೆ ಸ್ವಚ್ಛ ಗಾಜ್‌ನಲ್ಲಿ ಒತ್ತಿ ಹಿಡಿಯಬೇಕು, ತೊಳೆದು ಪಟ್ಟಿ ಹಾಕಬೇಕು, ರೋಗಿಗೆ ಹೇಳಬೇಕು, ಮೇಲ್ವಿಚಾರಕರಿಗೆ ತೋರಿಸಬೇಕು, ದಾಖಲೆಯಲ್ಲಿ ಬರೆಯಬೇಕು. ಮುಚ್ಚಿಟ್ಟರೆ ಅದನ್ನು ಅಸಾಮರ್ಥ್ಯಕ್ಕಿಂತ ದೊಡ್ಡ ದೋಷವೆಂದು ಪರಿಗಣಿಸುತ್ತಾರೆ.

ಹಿಮ್ಮಡಿ ಒಡಕಿಗೆ ಅಂಚಿನ ಗಡುಸು ಚರ್ಮ ತೆಗೆದು ಯೂರಿಯಾ ಇರುವ ಕ್ರೀಮು ಹಚ್ಚಲು ಹೇಳುತ್ತಾರೆ. ಬೆರಳ ಸಂದಿಗೆ ಕ್ರೀಮು ಕೂಡದು. ಅಲ್ಲಿ ತೇವ ನಿಂತರೆ ಶಿಲೀಂಧ್ರಕ್ಕೆ ಹಬ್ಬ.

ಪಾದರಕ್ಷೆ ಮತ್ತು ಮನೆಯ ಪಾಠ

ಒತ್ತಡ ತಪ್ಪದಿದ್ದರೆ ತೆಗೆದ ಆಣಿ ಕೆಲವೇ ವಾರಗಳಲ್ಲಿ ಮರಳುತ್ತದೆ. ಆದ್ದರಿಂದ ರೋಗಿ ಧರಿಸಿ ಬಂದ ಬೂಟನ್ನು ಕೈಗೆತ್ತಿಕೊಂಡು ನೋಡುವುದೂ ಚಿಕಿತ್ಸೆಯ ಭಾಗ. ನಿಂತಾಗ ಉದ್ದದ ಬೆರಳಿನ ಮುಂದೆ ಸುಮಾರು 1 ಸೆಂಟಿಮೀಟರ್ ಜಾಗ ಇರಬೇಕು. ಅಡಿಭಾಗ ಎಲ್ಲಿ ಸವೆದಿದೆ, ಒಳಗೆ ಮೊಳೆ, ಹೊಲಿಗೆಯ ಗಂಟು ಇದೆಯೇ ಎಂದು ಕೈ ಹಾಕಿ ತಡಕಬೇಕು.

ಮನೆಯಲ್ಲಿ ಪಾಲಿಸಬೇಕಾದದ್ದನ್ನು ಹೇಳುವಾಗ ಪಟ್ಟಿ ಓದಿದರೆ ಪ್ರಯೋಜನವಿಲ್ಲ. ಒಂದೆರಡು ಮಾತು ಹೇಳಿ, ಅದನ್ನೇ ರೋಗಿಯ ಬಾಯಲ್ಲಿ ಮತ್ತೆ ಹೇಳಿಸುವುದು ಕಲಿಸುವ ಕ್ರಮ. ದಿನಕ್ಕೊಮ್ಮೆ ಅಂಗಾಲು ನೋಡಿಕೊಳ್ಳುವುದು, ಬಗ್ಗಲಾಗದಿದ್ದರೆ ಕನ್ನಡಿ ಹಿಡಿಯುವುದು. ತೊಳೆದ ಮೇಲೆ ಬೆರಳ ಸಂದಿ ಒರೆಸುವುದು. ಬಿಸಿನೀರಿನ ಚೀಲ ಕಾಲಿಗೆ ಇಡದಿರುವುದು. ಇಂಗ್ಲೆಂಡಿನ ಚಳಿಗೆ ಹೇಳಿದ ಈ ಕೊನೆಯ ಮಾತು ಕರ್ನಾಟಕಕ್ಕೆ ಬಂದರೆ ಬೇರೆ ರೂಪ ತಾಳುತ್ತದೆ. ನಡುಮಧ್ಯಾಹ್ನ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ, ಹೊಲದಲ್ಲಿ ಚಪ್ಪಲಿ ಇಲ್ಲದ ಓಡಾಟ, ಬಾವು ಬಂದ ಬೆರಳಿಗೆ ಬಿಗಿಯಾದ ಕಾಲುಂಗುರ, ಇವು ಇಲ್ಲಿನ ಸ್ಪರ್ಶವಿಲ್ಲದ ಪಾದಗಳಿಗೆ ಅಪಾಯ. ಕುಷ್ಠರೋಗಿಗಳಿಗೆ ಸರ್ಕಾರಿ ಕಾರ್ಯಕ್ರಮದಲ್ಲಿ ಕೊಡುವ ಮೆತ್ತನೆಯ ಎಂಸಿಆರ್ (ಮೈಕ್ರೊಸೆಲ್ಯುಲಾರ್ ರಬ್ಬರ್) ಚಪ್ಪಲಿ ಮಧುಮೇಹಿಗಳಿಗೂ ಒದಗುವಂಥದ್ದೇ.

ದಾಖಲೆ, ರವಾನೆ, ಪರೀಕ್ಷೆ

ರೋಗಿ ಹೇಳಿದ್ದು, ತಾನು ಕಂಡದ್ದು, ತನ್ನ ತೀರ್ಮಾನ, ಮುಂದಿನ ಯೋಜನೆ ಎಂಬ ಕ್ರಮದಲ್ಲಿ ಅದೇ ಹೊತ್ತಿಗೆ ಬರೆದಿಡಬೇಕು. ಹುಣ್ಣಿದ್ದರೆ ಜಾಗ, ಉದ್ದಗಲ, ಆಳ, ಸ್ರಾವ ಎಲ್ಲವೂ ಬೇಕು. ಮೇಲ್ವಿಚಾರಕರ ಸಹಿ ಇಲ್ಲದೆ ವಿದ್ಯಾರ್ಥಿಯ ಬರಹ ಪೂರ್ಣವಾಗುವುದಿಲ್ಲ.

ತಾನು ಕೈಯಿಡಬಾರದ ಪಾದವನ್ನು ಗುರುತಿಸುವುದಕ್ಕೆ ಅಂಕ ಹೆಚ್ಚು. ಹರಡುತ್ತಿರುವ ಕೆಂಪು, ಕಪ್ಪಾದ ಬೆರಳು, ಮೂಳೆ ತಾಗುವ ಹುಣ್ಣು, ಥಟ್ಟನೆ ತಣ್ಣಗಾಗಿ ಬಿಳಚಿದ ಪಾದ, ಇವು ಅಂದೇ ಆಸ್ಪತ್ರೆಗೆ ಹೋಗಬೇಕಾದವು. ಮೋಸ ಮಾಡುವುದು ಇನ್ನೊಂದು. ಸ್ಪರ್ಶ ಕಳೆದುಕೊಂಡ ಮಧುಮೇಹಿಯ ಪಾದ ಗಾಯವಿಲ್ಲದೆಯೇ ಬಿಸಿಯಾಗಿ, ಕೆಂಪಾಗಿ ಊದಿಕೊಂಡಿರುತ್ತದೆ, ನೋವು ಅಷ್ಟಾಗಿ ಇರುವುದಿಲ್ಲ. ಉಳುಕಿರಬೇಕು ಎಂದು ನೋಡನೋಡುತ್ತಲೇ ಮೂಳೆಗಳು ಕುಸಿಯತೊಡಗುತ್ತವೆ. ಶಾರ್ಕೋ ಪಾದ ಎನ್ನುವ ಈ ಸ್ಥಿತಿಯ ಶಂಕೆ ಬಂದರೆ ಕೂಡಲೇ ಕಾಲಿನ ಮೇಲೆ ಭಾರ ಬೀಳದಂತೆ ಮಾಡಿ ತಜ್ಞರಲ್ಲಿಗೆ ಕಳಿಸಬೇಕು.

ವರ್ಷದ ಕೊನೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ವಿದ್ಯಾರ್ಥಿ ಮೇಜಿನಿಂದ ಮೇಜಿಗೆ ಹೋಗುತ್ತ ಒಂದು ಕಡೆ ನಾಡಿ ನೋಡಬೇಕು, ಇನ್ನೊಂದು ಕಡೆ ಪೂರ್ವವೃತ್ತ ಕೇಳಬೇಕು, ಮತ್ತೊಂದು ಕಡೆ ಬ್ಲೇಡನ್ನು ಸುರಕ್ಷಿತವಾಗಿ ಹಿಡಿಗೆ ಸೇರಿಸಿ ಬಿಚ್ಚಬೇಕು. ಸಾಮಾನ್ಯ ವಿಷಯದಲ್ಲಿ ಅಂಕ ಕಡಿಮೆಯಾದರೆ ಇನ್ನೊಂದರಲ್ಲಿ ತುಂಬಿಕೊಳ್ಳಬಹುದು. ರೋಗಿಯ ಸುರಕ್ಷತೆಯಲ್ಲಿ ತಪ್ಪಿದರೆ ಆ ಅವಕಾಶ ಇರುವುದಿಲ್ಲ.

ಭಾರತದಲ್ಲಿ ಈ ಕೆಲಸ ಇನ್ನೂ ಹೆಚ್ಚಾಗಿ ಮಧುಮೇಹ ಆಸ್ಪತ್ರೆಗಳ ಪಾದ ವಿಭಾಗ, ಶಸ್ತ್ರವೈದ್ಯರು, ದಾದಿಯರು, ಫಿಸಿಯೊಥೆರಪಿಸ್ಟರ ನಡುವೆ ಹಂಚಿಹೋಗಿದೆ. 2021ರ ಸಹಯೋಗಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಯ ಅನುಸೂಚಿಯಲ್ಲಿ ಪೊಡಿಯಾಟ್ರಿಸ್ಟ್ ಎಂಬ ಹೆಸರು ಸೇರಿದೆ. ಇಲ್ಲಿನ ದಾದಿಯರು, ಆರೋಗ್ಯ ಕಾರ್ಯಕರ್ತರು ಮೇಲೆ ಹೇಳಿದ್ದರಲ್ಲಿ ಬ್ಲೇಡಿನ ಭಾಗ ಬಿಟ್ಟು ಉಳಿದದ್ದನ್ನು, ಅಂದರೆ ಪೂರ್ವವೃತ್ತ, ನಾಡಿ, ಮಾನೊಫಿಲಮೆಂಟ್, ಚಪ್ಪಲಿಯ ತಪಾಸಣೆ, ಬೇಗ ಕಳಿಸಬೇಕಾದ ಪಾದದ ಲಕ್ಷಣ ಇವನ್ನು ಅಲ್ಪಾವಧಿಯ ತರಬೇತಿಯಲ್ಲೇ ಕಲಿಯಬಹುದು. ಅದಕ್ಕೆ ಬೇಕಾದ ಸಾಮಗ್ರಿಯೂ ದುಬಾರಿಯದ್ದಲ್ಲ. ಒಂದು ನೈಲಾನ್ ಎಳೆ, ಒಂದು ಟ್ಯೂನಿಂಗ್ ಫೋರ್ಕ್, ರೋಗಿಯ ಎರಡೂ ಕಾಲು ಎತ್ತಿಟ್ಟು ನೋಡಲು ಒಂದು ಸ್ಟೂಲು ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ತಪಾಸಣೆ ಆಗುತ್ತದೆ.